ಬಲದ್ದು ಕೊಡು

ಗಿಡದಕ್ಕನ ಕೈಯಲ್ಲಿ ಬಲವಿಲ್ಲ ಎಂದು ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿಬಿಟ್ಟಿದ್ದರು. ತೀರ್ಮಾನ ಮಾಡಿದ ಮಹನೀಯರು ಯಾರೆಂದರೆ, ಜಾಮಿನ ಬಾಟಲಿಯ ಮುಚ್ಚಳ ಬಿಚ್ಚಲಾಗದಿದ್ದರೆ ಅದನ್ನು ಅವಳ ಹತ್ತಿರವೇ ತರುವ ಗಂಡ, ಮಂಚ ಸರಿಸಬೇಕಾದರೆ ಅವಳನ್ನೇ ಕೂಗುವ ಅತ್ತೆ, ಕೈ ಕುಲುಕಿದರೆ ಬೆರಳು ಉಳಿಯುವುದಿಲ್ಲವೆಂದು ದೂರದಿಂದಲೇ ಕೈ ಬೀಸಿ ಹೋಗುವ ಮೈದುನ. ಮನೆಯ ಹಿಂದಿನ ಉದ್ದನೆಯ ಜಾಗದಲ್ಲಿ ಹಸಿರು ಬಲೆ ಕಟ್ಟಿ, ಇಪ್ಪತ್ತು ವರ್ಷದಿಂದ ಸಸಿ ಬೆಳೆಸಿ ಮಾರುತ್ತಿರುವ ಹೆಂಗಸು ಅವಳು. ವಯಸ್ಸು ಐವತ್ತೆರಡು. ಮಣ್ಣು ತುಂಬಿದ ಕುಂಡವನ್ನು ಸೊಂಟಕ್ಕೆ ಆನಿಸಿಕೊಂಡು, ಇನ್ನೊಂದು ಕೈಯಲ್ಲಿ ನೀರಿನ ಪೈಪು ಎಳೆದುಕೊಂಡು, ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತ ಗಿರಾಕಿಗೆ ಗುಲಾಬಿ ಕತ್ತರಿಸುವುದು ಹೇಗೆಂದು ಪಾಠ ಹೇಳುವವಳು. ಅಂಥವಳ ಕೈಯಲ್ಲಿ ಬಲವಿಲ್ಲವಂತೆ! ಹೇಳುವವರಿಗೆ ನಾಚಿಕೆಯಾಗದಿದ್ದರೆ ಕೇಳುವ ನಮಗಾದರೂ ಆಗಬೇಕು.

ಆದರೆ ಅವರ ಹತ್ತಿರ ಪುರಾವೆ ಇತ್ತು. ಡ್ರೈವಿಂಗ್ ಲೈಸೆನ್ಸ್ ಪರೀಕ್ಷೆಯಲ್ಲಿ ಗಿಡದಕ್ಕ ಎರಡು ಸಲ ಫೇಲಾಗಿದ್ದಳು, ಎರಡು ಸಲವೂ ಒಂದೇ ಜಾಗದಲ್ಲಿ. ಪರೀಕ್ಷೆಯ ಮೈದಾನದ ಕೊನೆಯಲ್ಲಿ ಸಿಮೆಂಟಿನ ಒಂದು ಏರು ಇದೆ. ಅದರ ನಡುವೆ ಒಂದು ಬಿಳಿ ಗೆರೆ. ಗಾಡಿಯನ್ನು ಗೆರೆಯ ಮೇಲೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್ ಮಾಡಿ, ಎರಡೂ ಕಾಲು ತೆಗೆದು ಹತ್ತು ಎಣಿಸುವವರೆಗೆ ಸುಮ್ಮನೆ ಕೂರಬೇಕು. ಎಂಟರ ಆಕಾರದಲ್ಲಿ ಸುತ್ತಿ, ರಿವರ್ಸಿನಲ್ಲಿ ಕಂಬಗಳ ನಡುವೆ ನುಸುಳಿ, ಎಲ್ಲವನ್ನೂ ನೀರು ಕುಡಿದಷ್ಟು ಸಲೀಸಾಗಿ ಮುಗಿಸಿದ ಗಿಡದಕ್ಕನಿಗೆ ಈ ಸುಮ್ಮನೆ ಕೂರುವ ಕೆಲಸವೇ ಕೈಕೊಟ್ಟಿತು. ಮೂರು ಎಣಿಸುವಷ್ಟರಲ್ಲಿ ಗಾಡಿ ಮೆಲ್ಲಗೆ ಹಿಂದಕ್ಕೆ ಜಾರಿತು. ಎರಡನೆಯ ಸಲ ಎರಡೂ ಕೈ ಹಾಕಿ ಎಳೆದಳು. ಆಗಲೂ ಜಾರಿತು.

"ಇನ್ನೂ ಸ್ವಲ್ಪ ಬಲವಾಗಿ ಎಳೀಬೇಕಮ್ಮ" ಎಂದರು ಪರೀಕ್ಷೆಯ ಸಾಹೇಬರು, ಕನ್ನಡಕದ ಮೇಲಿಂದ ನೋಡಿ. "ತಪ್ಪು ಕೈದೋ ಗಾಡೀದೋ, ಅದು ನನಗೆ ಬೇಡ. ಗಾಡಿ ನಿಲ್ಲಲಿಲ್ಲ, ನಾನು ಅಷ್ಟೇ ಬರೆಯೋದು."

ಗಾಡಿ ಎಂದರೆ ಅವರ ಹಳೆಯ ಹಳದಿ ಪಿಕಪ್ಪು. ಅದು ಮನೆಗೆ ಬಂದ ದಿನವೇ ಅತ್ತೆ ಅದರ ನರಳಾಟ ಕೇಳಿ, "ಥೇಟ್ ನಮ್ಮ ದೊಡ್ಡಮ್ಮನೇ ಕಣೋ ಇದು. ಕೂತ್ರೆ ಏಳಲ್ಲ, ಎದ್ರೆ ಗೊಣಗೋದು ನಿಲ್ಸಲ್ಲ" ಎಂದಿದ್ದರು. ಅಂದಿನಿಂದ ಆ ಪಿಕಪ್ಪಿನ ಹೆಸರೇ ದೊಡ್ಡಮ್ಮ. ದೊಡ್ಡಮ್ಮನಿಗೆ ಡೀಸೆಲ್ ಹಾಕಿಸಬೇಕು, ದೊಡ್ಡಮ್ಮನ ಕನ್ನಡಿ ಒಡೆದಿದೆ, ದೊಡ್ಡಮ್ಮ ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲ ಎಂಬ ಮಾತುಗಳನ್ನು ಕೇಳಿ ಹೊಸದಾಗಿ ಬಂದ ಗಿರಾಕಿಗಳು ಗಾಬರಿಯಾಗುವುದಿತ್ತು.

ದೊಡ್ಡಮ್ಮನನ್ನು ಓಡಿಸುತ್ತಿದ್ದವನು ಗಂಡ. ಈ ವರ್ಷ ಅವನ ಭುಜ ಹಿಡಿದುಕೊಂಡಿತು. ತೋಳು ಕಿವಿಯ ಎತ್ತರಕ್ಕೂ ಏಳದು. ಇನ್ನು ಸ್ಟೇರಿಂಗ್ ಮುಟ್ಟಬೇಡ ಎಂದರು ಡಾಕ್ಟರು. ಅವನು ಸಪ್ಪೆ ಮುಖ ಮಾಡಿಕೊಂಡು ಬಂದ. ಗಿಡದಕ್ಕ ಮಾತ್ರ ಒಳಗೊಳಗೇ ಹಿಗ್ಗಿದಳು. ಗಂಡನ ಭುಜ ನೋಯುತ್ತದೆಂದು ಹಿಗ್ಗುವ ಹೆಂಗಸು ಎಂಥವಳು ಎಂದು ಯಾರಾದರೂ ಕೇಳಬಹುದು. ಅವಳ ಕಥೆ ಕೇಳಿದ ಮೇಲೆ ಹೇಳಲಿ.

ಇಪ್ಪತ್ತು ವರ್ಷ ಅವಳು ಬೆಳೆಸಿದ ಗಿಡಗಳು ಗೇಟು ದಾಟಿ ಹೋದವು. ಎಲ್ಲಿ ಹೋದವು, ಹೇಗಿವೆ ಎಂದು ಅವಳಿಗೆ ಗೊತ್ತಿಲ್ಲ. ಪಿಕಪ್ಪಿನ ಮುಂದಿನ ಎರಡು ಸೀಟಿನಲ್ಲಿ ಒಂದು ಗಂಡನದು, ಇನ್ನೊಂದು ಗಾಳಿಗೆ ಬಾಡುವ ಸೂಕ್ಷ್ಮದ ಗಿಡಗಳದು. ಅವಳಿಗೆ ಜಾಗವಿಲ್ಲ. ಗಂಡ ವಾಪಸು ಬಂದ ಕೂಡಲೇ ಕೈ ಒರೆಸಿಕೊಂಡು ಓಡಿಬರುವಳು.

"ಎಲ್ಲಿ ನೆಟ್ರು? ಬಿಸಿಲು ಬೀಳುತ್ತಾ ಅಲ್ಲಿ?"

"ನೆಟ್ರು."

"ಬಿಸಿಲು ಬೀಳುತ್ತಾ ಅಂದೆ."

"ಬೀಳದೆ ಎಲ್ಲಿಗೆ ಹೋಗುತ್ತೆ?"

ಮಗಳನ್ನು ಬೇರೆ ಊರಿಗೆ ಕಳಿಸಿದ ತಾಯಿಗೆ ಇಂಥ ಉತ್ತರ ಕೊಟ್ಟರೆ ಹೇಗಿರುತ್ತದೆ? ಅದರಲ್ಲೂ ಒಂದು ನೇರಳೆ ಗಿಡ ಅವಳನ್ನು ಬಿಟ್ಟೂಬಿಡದೆ ಕಾಡುತ್ತಿತ್ತು. ಎಣ್ಣೆಯ ಡಬ್ಬದಲ್ಲಿ ಬೀಜದಿಂದ ಎಬ್ಬಿಸಿದ ಗಿಡ ಅದು. ಎಳೆಯದಾಗಿದ್ದಾಗ ಅತ್ತೆ ಕುರ್ಚಿ ಹಾಕಿಕೊಳ್ಳುವಾಗ ಅದರ ಮೇಲೆ ಒರಗಿಸಿಬಿಟ್ಟಿದ್ದರು. ಕಾಂಡ ಮೊಣಕಾಲೆತ್ತರದಲ್ಲಿ ಸೊಟ್ಟಗಾಗಿ ಆಮೇಲೆ ಮತ್ತೆ ನೆಟ್ಟಗೆ ಬೆಳೆದಿತ್ತು. ಒಂಬತ್ತು ವರ್ಷದ ಹಿಂದೆ ಗುಡ್ಡದ ಮೇಲಿನ ಶಾಲೆಯವರು ಅದನ್ನು ಒಯ್ದರು. ಆ ಸೊಟ್ಟ ನೇರಳೆ ಉಳಿಯಿತೋ ಒಣಗಿತೋ ಎಂದು ಕೇಳಿದಾಗಲೆಲ್ಲ ಗಂಡ, "ಇರಬಹುದು" ಎನ್ನುತ್ತಿದ್ದ.

ಹಾಗಾಗಿ ಲೈಸೆನ್ಸು ಅವಳಿಗೆ ಬರಿಯ ಕಾಗದವಲ್ಲ, ಇಪ್ಪತ್ತು ವರ್ಷದ ಮಕ್ಕಳನ್ನು ನೋಡಿಬರುವ ದಾರಿ. ಆದರೆ ಎರಡನೆಯ ಸಲ ಫೇಲಾಗಿ ಬಂದ ದಿನ, ಎಲ್ಲರ ಮುಂದೆ ಅವಮಾನವಾಗಿ, ಬಾಯಿಗೆ ಬಂದದ್ದನ್ನು ಆಡಿಬಿಟ್ಟಿದ್ದಳು. "ಇನ್ನೊಂದು ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ದೊಡ್ಡಮ್ಮನ್ನ ಮೈದುನನಿಗೇ ಕೊಟ್ಟುಬಿಡಿ, ಅವನೇ ಗಿಡ ತಲುಪಿಸ್ಲಿ." ತರಕಾರಿ ಅಂಗಡಿಯ ಮೈದುನ ಆಗಲೇ ಬಿಡುವಾದಾಗ ಬಂದು ಗಿಡ ಸಾಗಿಸಿಕೊಡುತ್ತಿದ್ದ. ಅತ್ತಿಗೆಯ ಮಾತು ಕೇಳಿದ ಮರುದಿನವೇ ಟೇಪು ತಂದು, ಹಿಂದೆ ತರಕಾರಿಯ ಕ್ರೇಟುಗಳು ಎಷ್ಟು ಹಿಡಿಯುತ್ತವೆ ಎಂದು ಉದ್ದಗಲ ಅಳೆದುಕೊಂಡು ಹೋದ. ಮೂರನೆಯ ಪರೀಕ್ಷೆ ಸೋಮವಾರಕ್ಕೆ ಇತ್ತು.

ಅದರ ಹಿಂದಿನ ಗುರುವಾರ ಬೆಳಿಗ್ಗೆ ಅವಳು ನೀರು ಹಾಕುತ್ತಿದ್ದಳು. ಸಣ್ಣ ಕುಂಡಕ್ಕೆ ಆರು, ದೊಡ್ಡದಕ್ಕೆ ಹನ್ನೆರಡು, ಹೀಗೆ ಎಣಿಸುತ್ತ ನೀರು ಬಿಡುವುದು ಅವಳ ಅಭ್ಯಾಸ. ಆ ಎಣಿಕೆ ಅವಳಿಗೆ ಎಲ್ಲದಕ್ಕೂ ಅಂಟಿಕೊಂಡಿತ್ತು. ಮೆಟ್ಟಿಲು ಎಣಿಸುವಳು, ಅತ್ತೆಯ ಸೀನು ಎಣಿಸುವಳು. ಹ್ಯಾಂಡ್‌ಬ್ರೇಕ್ ಎಳೆದಾಗ ಬರುವ ಕಟ್ ಕಟ್ ಸದ್ದನ್ನೂ ಎಣಿಸಿದ್ದಳು. ಹನ್ನೊಂದು. ಎರಡು ಕೈ ಹಾಕಿದರೆ ಹನ್ನೆರಡು. ಅಷ್ಟರಲ್ಲಿ ಬ್ರೆಡ್ಡಿನ ವ್ಯಾನು ಬಂದು ಓಣಿಯ ಇಳಿಜಾರಿನಲ್ಲಿ ನಿಂತಿತು. ಅದನ್ನು ಓಡಿಸುವವನು ಹ್ಯಾಂಡ್‌ಬ್ರೇಕ್ ಎಳೆದ ಸದ್ದು ಅವಳ ಕಿವಿಗೆ ಬಿತ್ತು. ಐದೇ ಐದು. ಬ್ರೆಡ್ಡಿನವನು ಇಳಿದು ಸೀಟಿ ಹಾಕುತ್ತ ಹೋದ. ವ್ಯಾನು ಗೋಡೆಯ ಹಾಗೆ ನಿಂತಿತ್ತು.

ಗಿಡದಕ್ಕ ಪೈಪನ್ನು ಅಲ್ಲೇ ಬಿಸಾಡಿ ಹೊರಗೆ ಬಂದಳು.

"ತಮ್ಮಾ, ನಿನ್ನ ಹ್ಯಾಂಡ್‌ಬ್ರೇಕು ಒಂದ್ಸಲ ನಾನು ಎಳೀಲಾ?"

"ಯಾಕಕ್ಕ, ನಿಮ್ಮ ಕೈಲಿ ಬಲ ಇದ್ಯೋ ಇಲ್ವೋ ನೋಡೋಕಾ?" ಎಂದ ಅವನು. ಸುದ್ದಿ ಬ್ರೆಡ್ಡಿಗಿಂತ ಮೊದಲು ಮನೆಮನೆ ತಲುಪಿತ್ತು.

ಅವಳು ಹತ್ತಿ ಕೂತು ಎಳೆದಳು. ಐದು. ಕಾಲು ತೆಗೆದಳು. ನ್ಯೂಟ್ರಲ್. ಹತ್ತು ಎಣಿಸಿದಳು, ಇಪ್ಪತ್ತು ಎಣಿಸಿದಳು, ಬ್ರೆಡ್ಡಿನವನು "ಅಕ್ಕ, ನನಗೆ ಇನ್ನೂ ನಾಲ್ಕು ಬೀದಿ ಇದೆ" ಎನ್ನುವವರೆಗೂ ಎಣಿಸಿದಳು. ವ್ಯಾನು ಕೂದಲೆಳೆಯಷ್ಟೂ ಅಲುಗಲಿಲ್ಲ. ಇಳಿದವಳ ಮುಖ ನೋಡಬೇಕಿತ್ತು. ಎರಡು ತಿಂಗಳಿಂದ ತಲೆ ತಗ್ಗಿಸಿಕೊಂಡಿದ್ದವಳು ಮನೆಯೊಳಗೆ ನುಗ್ಗಿ, ಟೀ ಕುಡಿಯುತ್ತಿದ್ದ ಗಂಡನನ್ನು ಕೈಹಿಡಿದು ಎಬ್ಬಿಸಿಕೊಂಡು ಬಂದಳು. ಹಿಡಿದದ್ದು ನೋಯದ ಕೈಯನ್ನು, ಅಷ್ಟು ವಿವೇಚನೆ ಇತ್ತು.

"ಎಳೀರಿ, ನೀವೇ ಎಳೀರಿ."

"ಏನೇ ಇವಳೇ, ಬೆಳಿಗ್ಗೆ ಬೆಳಿಗ್ಗೆ!"

"ನಿಮ್ಮ ಎಡಗೈ ಚೆನ್ನಾಗೇ ಇದೆಯಲ್ಲ? ಎಳೀರಿ ಅಂದೆ."

ಈ ಎಡಗೈ ಮಾತಿಗೆ ಹಿನ್ನೆಲೆ ಉಂಟು. ಫೇಲಾದ ದಿನ ಅವನು ಮನೆ ತುಂಬ ನಗಿಸಿದ್ದ: "ಹ್ಯಾಂಡ್‌ಬ್ರೇಕ್ ಎಳೆಯೋದು ಎಡಗೈಲಿ. ಎಡಗೈಲಿ ಬಲ ಎಲ್ಲಿಂದ ಬರ್ಬೇಕು?" ಆ ನಗೆಯ ಚುಚ್ಚು ಅವಳಿಗೆ ಇನ್ನೂ ಆರಿರಲಿಲ್ಲ.

ಅವನು ದೊಡ್ಡಮ್ಮನಲ್ಲಿ ಹತ್ತಿ ಕೂತು, ಮುಖ ಕೆಂಪಾಗುವ ಹಾಗೆ ಎಳೆದ. ಹನ್ನೆರಡು. ಅವಳು ಚಕ್ರದ ಕಲ್ಲು ಸರಿಸಿದ ಮೇಲೆ ಗೇರು ಬಿಡಿಸಿ ಕಾಲು ತೆಗೆದ. ದೊಡ್ಡಮ್ಮ ಗೊಣಗುತ್ತ ಓಣಿಯ ಇಳಿಜಾರಿನಲ್ಲಿ ಹಿಂದಕ್ಕೆ ಹೊರಟಿತು. ಅವನು ಗಾಬರಿಯಿಂದ ಕಾಲಿನ ಬ್ರೇಕ್ ತುಳಿದ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡಿದ್ದ ಅತ್ತೆ, "ಅಯ್ಯೋ, ನನ್ನ ಮಗನ ಕೈಲೂ ಬಲ ಇಲ್ವಲ್ಲೇ!" ಎಂದು ಚಪ್ಪಾಳೆ ತಟ್ಟಿದರು. ಅತ್ತೆಗೆ ಪಕ್ಷವಿಲ್ಲ. ಆಟ ಎತ್ತ ಚೆನ್ನಾಗಿರುತ್ತದೋ ಅತ್ತ ಅವರು.

"ಇಷ್ಟು ವರ್ಷ ಓಡಿಸಿದ್ರಲ್ಲ, ಇದು ಹಿಡಿಯಲ್ಲ ಅಂತ ಗೊತ್ತಾಗ್ಲೇ ಇಲ್ವಾ?" ಎಂದು ಗಿಡದಕ್ಕ ಕೇಳಿದಳು.

ಗೊತ್ತಾಗುವುದಾದರೂ ಹೇಗೆ? ಆ ಮನೆಯಲ್ಲಿ ಗಾಡಿ ನಿಲ್ಲಿಸುವ ಪದ್ಧತಿಯೇ ಬೇರೆ. ಒಂದನೇ ಗೇರು, ಒಂದು ಕಲ್ಲು. ಗಂಡ ಗೇರಿನಲ್ಲಿ ನಿಲ್ಲಿಸಿ ಇಳಿಯುವನು, ಸೀಟಿನ ಕೆಳಗಿನ ಕಲ್ಲನ್ನು ತೆಗೆದು ಹಿಂದಿನ ಚಕ್ರಕ್ಕೆ ಕೊಡುವನು. ಹ್ಯಾಂಡ್‌ಬ್ರೇಕನ್ನೂ ಎಳೆಯುತ್ತಿದ್ದ, ಶಾಸ್ತ್ರಕ್ಕೆ ಎಂಬಂತೆ. ಮೈದುನ ಕಲಿತದ್ದೂ ಅದನ್ನೇ. ಹೊರೆ ಹೊತ್ತದ್ದು ಗೇರು ಮತ್ತು ಕಲ್ಲು, ಹೆಸರು ಬಂದದ್ದು ಹ್ಯಾಂಡ್‌ಬ್ರೇಕಿಗೆ.

ಗಂಡ ಪೆಚ್ಚಾಗಿ ತಲೆ ಕೆರೆದುಕೊಂಡ. "ಕೇಬಲ್ ಸಡಿಲ ಆಗಿರುತ್ತೆ ಬಿಡು. ಲಿವರ್ ಕೆಳಗೆ ಒಂದು ನಟ್ ಇದೆ, ಬಿಗಿ ಮಾಡಿದ್ರೆ ಮುಗೀತು."

ಅವನು ಹೇಳಿದ, ಅವಳು ಮಾಡಿದಳು. ಲಿವರಿನ ಮುಚ್ಚಳ ತೆಗೆದು, ಸ್ಪ್ಯಾನರ್ ಹಾಕಿ, ನಟ್ಟನ್ನು ಬಿಗಿ ಮಾಡುತ್ತ ಹೋದಳು. ಹನ್ನೊಂದು ಇದ್ದದ್ದು ಒಂಬತ್ತಾಯಿತು, ಏಳಾಯಿತು, ಐದಾಯಿತು. ಓಣಿಯಲ್ಲಿ ದೊಡ್ಡಮ್ಮ ನಿಂತಿತು! ಗಿಡದಕ್ಕ ಕುಣಿಯುವುದೊಂದು ಬಾಕಿ. ಅತ್ತೆಗೆ ಎರಡು ಬಿಸ್ಕತ್ತು ಹೆಚ್ಚು ಕೊಟ್ಟಳು.

ಸಂತೋಷ ಒಂದೇ ದಿನದ್ದು. ಶುಕ್ರವಾರ ಸಂಜೆ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿದಳು. ಮುಂದೆ ಹೋಗು, ನಿಲ್ಲಿಸು, ಹಿಂದೆ ಬಾ, ನಿಲ್ಲಿಸು. ನಲವತ್ತು ಸಲವಾದರೂ ಬ್ರೇಕ್ ಒತ್ತಿರಬೇಕು. ಮನೆಗೆ ಬಂದು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದರೆ ಎಂಟು. ಮತ್ತೆ ನಟ್ ಬಿಗಿ ಮಾಡಿದಳು. ಓಣಿಯಲ್ಲಿ ಹಿಂದೆ ಮುಂದೆ ಒಂದಿಷ್ಟು ಓಡಾಡಿಸಿದಳು. ಐದು ಇದ್ದದ್ದು ಏಳು.

"ಕೇಬಲ್ ಹಳೇದಲ್ವಾ, ಎಳೆದಂಗೆಲ್ಲ ಉದ್ದ ಆಗುತ್ತೆ" ಎಂದ ಗಂಡ.

"ಒಂದು ದಿನಕ್ಕೆ ಇಷ್ಟು ಉದ್ದ ಆಗೋಕೆ ಅದೇನು ಬಳ್ಳಿನಾ?" ಎಂದಳು ಗಿಡದಕ್ಕ. ಬೆಳೆಯುವ ವಸ್ತುಗಳ ವಿಷಯದಲ್ಲಿ ಅವಳಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರಿಲ್ಲ. "ನಿಲ್ಲಿಸಿಟ್ಟಾಗ ಐದೇ ಇರುತ್ತೆ. ಓಡಿಸಿ ಬ್ರೇಕ್ ಒತ್ತಿದ್ರೆ ಜಾಸ್ತಿ ಆಗುತ್ತೆ. ಒತ್ತಿದಷ್ಟೂ ಒಳಗೆ ಏನೋ ಸಡಿಲ ಆಗ್ತಿದೆ ರೀ. ಎಲೆಗೆ ಬಣ್ಣ ಬಳಿದ್ರೆ ಏನು ಬಂತು, ಬೇರು ನೋಡ್ಬೇಕು."

ಆ ರಾತ್ರಿ ಅವಳಿಗೆ ಚೆನ್ನಾಗಿ ನಿದ್ದೆ ಬಂತು. ರೋಗ ಗಿಡದಲ್ಲಿದೆ, ತನ್ನ ಕೈಯಲ್ಲಲ್ಲ ಎಂದು ಗೊತ್ತಾದ ಮೇಲೆ ನಿದ್ದೆ ಬರದೆ ಏನು?

ಶನಿವಾರ ಬೆಳಿಗ್ಗೆ ನರ್ಸರಿಯ ಮುಂದಿನ ಸಮತಟ್ಟಾದ ಜಾಗದಲ್ಲಿ ದೊಡ್ಡಮ್ಮನ ಆಪರೇಷನ್ನು ಶುರುವಾಯಿತು. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟರು. ಗಂಡ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು ಡಾಕ್ಟರಾದ. ಕೈ ಓಡದ ಡಾಕ್ಟರಿಗೆ ಬಾಯಿ ಎರಡು ಪಾಲು ಓಡುತ್ತಿತ್ತು.

"ಜಾಕಿ ಆ ಕಡೆ ಅಲ್ಲ, ಈ ಕಡೆ. ಜಾಕಿ ಒಂದನ್ನೇ ನಂಬಬೇಡ, ಕೆಳಗೆ ಸ್ಟ್ಯಾಂಡ್ ಕೊಡು. ಹ್ಯಾಂಡ್‌ಬ್ರೇಕ್ ಬಿಟ್ಟಿದ್ದೀಯಾ? ಬಿಡದೆ ಡ್ರಮ್ ಬರಲ್ಲ."

"ಬಿಟ್ಟಿದ್ದೀನಿ. ನೀವೂ ಸ್ವಲ್ಪ ಬಿಡಿ."

ಬಲಗಡೆಯ ಚಕ್ರ ಬಂತು. ಅದರ ಹಿಂದಿನ ಡ್ರಮ್ಮು ತುಕ್ಕು ಹಿಡಿದು ಅಂಟಿಕೊಂಡಿತ್ತು. ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟಿದಳು. ಕುಂಡದಿಂದ ಗಿಡ ಬಿಡಿಸುವಾಗಲೂ ಹೀಗೆಯೇ ತಟ್ಟಬೇಕು, ಸಿಟ್ಟು ಮಾಡಿಕೊಂಡರೆ ಬೇರು ಹರಿಯುತ್ತದೆ. ಹತ್ತು ನಿಮಿಷ ಸತಾಯಿಸಿ ಡ್ರಮ್ಮು ಕೈಗೆ ಬಂತು. ಒಳಗೆಲ್ಲ ಕಪ್ಪು ಪುಡಿ. ಊದಲು ಬಾಯಿ ಮುಂದೆ ತಂದವಳನ್ನು ಗಂಡ ಗದರಿಸಿದ: "ಊದ್ಬೇಡ! ಅದು ಶ್ವಾಸಕ್ಕೆ ಹೋಗ್ಬಾರದು. ಒದ್ದೆ ಬಟ್ಟೇಲಿ ಒರೆಸು."

ಒರೆಸಿ ನೋಡಿದರೆ ಎಲ್ಲವೂ ಚೆನ್ನಾಗಿಯೇ ಇದೆ! ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಎರಡು ಬ್ರೇಕ್ ಶೂಗಳು. ಅವುಗಳ ಲೈನಿಂಗು ದಪ್ಪವಾಗಿದೆ. ಎಣ್ಣೆ ಸೋರಿಲ್ಲ. ಸ್ಪ್ರಿಂಗು ಮುರಿದಿಲ್ಲ. ಅತ್ತೆಯನ್ನು ಕೈಹಿಡಿದು ಡ್ರೈವರ್ ಸೀಟಿನಲ್ಲಿ ಕೂರಿಸಿ ಲಿವರ್ ಎಳೆಸಿದರು. ಕೇಬಲ್ಲು ಹಗುರವಾಗಿ ಬಂದು ಹಗುರವಾಗಿ ಹೋಯಿತು. ಅತ್ತೆ ಇನ್ನೂ ನಾಲ್ಕು ಸಲ ಎಳೆದರು, ಯಾರೂ ಕೇಳದಿದ್ದರೂ.

"ಹಾಗಾದ್ರೆ ಅಡ್ಜಸ್ಟರು" ಎಂದ ಗಂಡ, ಬಕೆಟ್ಟಿನಿಂದ ಮುಂದಕ್ಕೆ ಬಗ್ಗಿ.

ಎರಡು ಶೂಗಳ ನಡುವೆ ಬೆರಳುದ್ದದ ಒಂದು ತಿರುಪಿನ ಕಡ್ಡಿ, ಅದರ ಕೊರಳಿಗೆ ಹಲ್ಲಿನ ಪುಟ್ಟ ಚಕ್ರ. ಬ್ರೇಕ್ ಒತ್ತಿದಾಗ ಪಕ್ಕದ ತಗಡಿನ ನಾಲಗೆಯೊಂದು ಆ ಚಕ್ರವನ್ನು ಬೇಕಾದಷ್ಟು ತಿರುಗಿಸುತ್ತದೆ, ಕಡ್ಡಿ ಉದ್ದವಾಗುತ್ತದೆ, ಶೂಗಳು ಡ್ರಮ್ಮಿನ ಹತ್ತಿರ ಸರಿಯುತ್ತವೆ. ಲೈನಿಂಗು ಸವೆದರೂ ಅಂತರ ಬೆಳೆಯದಿರಲಿ ಎಂದು ಮಾಡಿಟ್ಟ ಉಪಾಯ. ಆದರೆ ಇಲ್ಲಿ ಕಡ್ಡಿ ಪೂರ್ತಿ ಒಳಗೆ ಹೋಗಿ ಮುದುರಿ ಕೂತಿತ್ತು. ಶೂಗಳಿಗೂ ಡ್ರಮ್ಮಿಗೂ ಮುನಿಸಿಕೊಂಡ ನೆರೆಮನೆಯವರಷ್ಟು ದೂರ.

ಗಿಡದಕ್ಕ ಕಡ್ಡಿಯನ್ನು ಕೈಯಿಂದ ತಿರುಗಿಸಿ ಉದ್ದ ಮಾಡಿದಳು. ಆಮೇಲೆ ಸ್ಕ್ರೂಡ್ರೈವರಿನಿಂದ ನಾಲಗೆಯನ್ನು ಒತ್ತಿ ನೋಡಿದಳು. ಚಕ್ರ ಒಂದು ಹಲ್ಲು ತಿರುಗಿತು. ಕಡ್ಡಿ ಉದ್ದವಾಗಲಿಲ್ಲ. ಒಳಗೆ ಹೋಯಿತು. ಮತ್ತೆ ಒತ್ತಿದಳು. ಮತ್ತೆ ಒಳಗೆ.

"ರೀ, ಇದು ಉಲ್ಟಾ ತಿರುಗ್ತಿದೆ. ಬಿಗಿ ಮಾಡೋ ಬದಲು ಬಿಚ್ಚುತ್ತಿದೆ."

"ಹೇಗಾಗುತ್ತೆ? ಎಡದ್ದಕ್ಕೂ ಬಲದ್ದಕ್ಕೂ ತಿರುಪು ಬೇರೆ ಬೇರೆ ಇರುತ್ತೆ. ಒಂದರ ಜಾಗಕ್ಕೆ ಇನ್ನೊಂದು ಹಾಕಿದ್ರೆ ಮಾತ್ರ..." ಎಂದವನು ಅಲ್ಲಿಗೇ ನಿಲ್ಲಿಸಿದ. ಅವಳು ಕಡ್ಡಿಯನ್ನು ಬಿಡಿಸಿ ತೆಗೆದು, ಚಕ್ರದ ಮುಖದ ಗ್ರೀಸನ್ನು ಹೆಬ್ಬೆರಳಿನಿಂದ ಒರೆಸಿದಳು. ಸಣ್ಣಗೆ ಕೊರೆದ ಒಂದು ಅಕ್ಷರ ಕಂಡಿತು. ಎಲ್. ಅಂದರೆ ಎಡದ್ದು. ಅದು ಬಂದದ್ದು ಬಲಗಡೆಯ ಚಕ್ರದಿಂದ.

ಆ ಅಕ್ಷರ ನೋಡುತ್ತಿದ್ದ ಹಾಗೆ ಗಿಡದಕ್ಕನಿಗೆ ಮೂರು ವರ್ಷದ ಹಿಂದಿನ ಒಂದು ಮಧ್ಯಾಹ್ನ ಇಡಿಯಾಗಿ ನೆನಪಿಗೆ ಬಂತು.

ಇದೇ ಜಾಗ. ಗಂಡ ಹಿಂದಿನ ಬ್ರೇಕುಗಳನ್ನೆಲ್ಲ ಬಿಚ್ಚಿ ಹೊಸ ಶೂ ಹಾಕುತ್ತಿದ್ದ. ಅವಳು ಪಕ್ಕದಲ್ಲಿ ಕೂತು ಹಳೆಯ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಪೇಪರಿನ ಮೇಲೆ ಜೋಡಿಸುತ್ತಿದ್ದಳು. ಅದರಲ್ಲಿ ಈ ಕಡ್ಡಿಗಳೂ ಇದ್ದವು, ಎರಡು. ಒಂದು ಫಳಫಳ ಹೊಳೆಯುತ್ತ ಗಟ್ಟಿಮುಟ್ಟಾಗಿತ್ತು. ಇನ್ನೊಂದರ ಕೊರಳಿಗೆ ತುಕ್ಕು ಹತ್ತಿ ಬಡಕಲಾಗಿ ಕಾಣುತ್ತಿತ್ತು. ಚಕ್ರದ ಹಿಂದೆ ತಲೆ ತೂರಿಸಿದ್ದ ಗಂಡ ಕೈ ಮಾತ್ರ ಹೊರಗೆ ಚಾಚಿ ಕೂಗಿದ್ದ: "ಬಲದ್ದು ಕೊಡು!"

ಅವಳು ಎರಡನ್ನೂ ನೋಡಿದ್ದಳು. ಯಾವುದು ಬಲದ್ದು? ಗಟ್ಟಿಯಾಗಿ ಕಾಣುತ್ತಿದ್ದದ್ದನ್ನು ಎತ್ತಿ ಅವನ ಕೈಗಿಟ್ಟಿದ್ದಳು. ಆಮೇಲೆ ಉಳಿದ ಬಡಪಾಯಿ ಇನ್ನೊಂದು ಚಕ್ರಕ್ಕೆ ಹೋಗಿತ್ತು. ಪಾಪ, ಬಲವಿಲ್ಲದ್ದಕ್ಕೂ ಕೆಲಸ ಸಿಕ್ಕಿತಲ್ಲ ಎಂದು ಅವಳಿಗೆ ಸಮಾಧಾನವೂ ಆಗಿತ್ತು!

ಗಿಡದಕ್ಕನ ಹೆಬ್ಬೆರಳು ಆ ಅಕ್ಷರದ ಮೇಲೆ ಹಾಗೆಯೇ ನಿಂತಿತು. ಹೇಳಬೇಕೇ? ಎರಡು ತಿಂಗಳು ಇವರೆಲ್ಲ ಅವಳ ಕೈಯನ್ನು ಆಡಿಕೊಂಡಿದ್ದರು. ಈಗ ಗಂಡನ ಮುಖ ನೋಡಿದರೆ, ಜೋಡಿಸಿದವನು ತಾನೇ ಎಂದು ನೆನಪಾಗಿ ಅದು ಸುಟ್ಟ ಬದನೆಕಾಯಿಯಂತಾಗಿದೆ. ಸುಮ್ಮನಿದ್ದರೆ ಸಾಕು, ಗೆಲುವು ಪೂರ್ತಿ ಅವಳದು. ಅವನು ಸಾಯುವವರೆಗೂ ಅವಳೆದುರು ಹ್ಯಾಂಡ್‌ಬ್ರೇಕಿನ ಮಾತೆತ್ತುವ ಹಾಗಿಲ್ಲ. ಹೇಳಿದರೆ ಈ ಓಣಿಯಲ್ಲಿ ಅವಳು ಸಾಯುವವರೆಗೂ ಬಲದಕ್ಕ. ಅವಳು ಅಷ್ಟೂ ಲೆಕ್ಕ ಹಾಕಿದಳು. ಆದರೆ ಹೊಟ್ಟೆಯೊಳಗಿಂದ ನಗು ಉಕ್ಕಿ ಬರುತ್ತಿತ್ತು, ಅದನ್ನು ತಡೆಯುವ ಬ್ರೇಕು ಅವಳಲ್ಲಿ ಇರಲಿಲ್ಲ.

"ರೀ, ಅವತ್ತು ನೀವು ಬಲದ್ದು ಕೊಡು ಅಂದ್ರಲ್ಲ?"

"ಹೂಂ, ಅಂದಿರ್ತೀನಿ."

"ನಾನು ಬಲವಾಗಿರೋದು ಕೊಟ್ಟೆ."

ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಬಕೆಟ್ಟಿನ ಮೇಲೆ ಕೂತಿದ್ದವನು ನಗುತ್ತ ನಗುತ್ತ ನೆಲಕ್ಕೆ ಜಾರಿದ. ಭುಜ ನೋಯುತ್ತದೆ ಎಂದು ಒಂದು ಕೈಯಲ್ಲಿ ಹಿಡಿದುಕೊಂಡು, ಅಯ್ಯೋ ಅಪ್ಪಾ ಎನ್ನುತ್ತ, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಗಿಡದಕ್ಕ ಡ್ರಮ್ಮನ್ನು ಮಡಿಲಲ್ಲಿಟ್ಟುಕೊಂಡು ನಕ್ಕಳು. ಸೀಟಿನಲ್ಲಿ ಕೂತಿದ್ದ ಅತ್ತೆ ಏನೆಂದು ಕೇಳಿ, ಮತ್ತೊಮ್ಮೆ ಹೇಳಿಸಿಕೊಂಡು, ತೀರ್ಪು ಕೊಟ್ಟರು: "ಅವನು ಬಲ ಕೇಳಿದ, ನೀನು ಬಲ ಕೊಟ್ಟೆ. ನಿಮ್ಮಿಬ್ಬರದೂ ತಪ್ಪಿಲ್ಲ. ಒಂದೇ ಮಾತಿಗೆ ಎರಡೆರಡು ಅರ್ಥ ಇಟ್ಟೋರದ್ದು ತಪ್ಪು."

ನಗು ಇಳಿದ ಮೇಲೆ ಗಂಡ ಮೆಲ್ಲಗೆ ಹೇಳಿದ: "ನಿನ್ನದೇನೂ ಇಲ್ಲ. ಅಕ್ಷರ ನೋಡಿ ಹಾಕ್ಬೇಕಾದೋನು ನಾನು. ಹಸಿವಾಗಿತ್ತು, ನೋಡ್ಲಿಲ್ಲ. ಆಮೇಲೂ ಒಂದ್ಸಲ ಹ್ಯಾಂಡ್‌ಬ್ರೇಕಲ್ಲೇ ನಿಲ್ಲಿಸಿ ನೋಡಿದ್ರೆ ಗೊತ್ತಾಗ್ತಿತ್ತು. ಕಾಲಿನ ಬ್ರೇಕೂ ಕೆಳಕ್ಕೆ ಹೋಗ್ತಿತ್ತು, ವಯಸ್ಸಾಯ್ತು ಗಾಡಿಗೆ ಅಂದ್ಕೊಂಡೆ. ಸುಮ್ನೆ ನಿನ್ನ ಕೈ ಮೇಲೆ ಹಾಕಿದೆ." ಇಷ್ಟು ಉದ್ದದ ಉತ್ತರ ಅವನ ಬಾಯಿಂದ ಬಂದದ್ದು ಇಪ್ಪತ್ತು ವರ್ಷದಲ್ಲಿ ಅದೇ ಮೊದಲು. ಗಿಡದಕ್ಕನ ಎದೆಯೊಳಗೆ ಎರಡು ತಿಂಗಳಿಂದ ಕೂತಿದ್ದ ಮುಳ್ಳು ಅಲ್ಲೇ ಕಳಚಿ ಬಿತ್ತು.

ಎಡಗಡೆಯ ಚಕ್ರವನ್ನೂ ಬಿಚ್ಚಿದರು. ಅಲ್ಲಿ ಆ ಬಡಕಲು ಕಡ್ಡಿ ಸಿಕ್ಕಿತು, ಅದರ ಮೇಲೆ ಆರ್ ಎಂಬ ಅಕ್ಷರ. ಎರಡನ್ನೂ ತೊಳೆದು, ತುಕ್ಕು ಉಜ್ಜಿ, ತಿರುಪಿಗೆ ತೆಳ್ಳಗೆ ಗ್ರೀಸು ಹಚ್ಚಿ, ಅವರವರ ಮನೆಗೆ ಅವರವರನ್ನು ಕಳಿಸಿದರು. ಈ ಸಲ ಗಂಡ "ಆರ್ ಕೊಡು" ಎಂದ. ಅವಳು ಅಕ್ಷರ ಓದಿ, ಅವನಿಗೂ ಓದಿಸಿ, ಹಾಕಿದಳು. ನಾಲಗೆ ಒತ್ತಿದರೆ ಕಡ್ಡಿ ಹೊರಗೆ ಬಂತು.

"ಈಗ ಮೊದ್ಲು ಆ ಕೇಬಲ್ ನಟ್ ಸಡಿಲ ಮಾಡು" ಎಂದ ಗಂಡ. "ನಾವು ಉಲ್ಟಾ ಕೆಲಸ ಮಾಡಿದ್ವಿ. ಮೊದ್ಲು ಶೂ ಸರಿ ಮಾಡ್ಬೇಕು, ಕೊನೆಗೆ ಕೇಬಲ್."

ಡ್ರಮ್ಮು ಹಾಕಿ, ಹಿಂದಿನ ಕಿಂಡಿಯಿಂದ ಸ್ಕ್ರೂಡ್ರೈವರ್ ತೂರಿಸಿ, ಶೂಗಳು ಡ್ರಮ್ಮಿಗೆ ತಾಗಿ ಸರ್ ಎನ್ನುವವರೆಗೆ ಹಲ್ಲುಚಕ್ರ ತಿರುಗಿಸಿದಳು. ಆಮೇಲೆ ಡ್ರಮ್ಮು ಸಲೀಸಾಗಿ ತಿರುಗುವಷ್ಟು ಹಿಂದಕ್ಕೆ ಬಿಟ್ಟಳು. ಎರಡೂ ಕಡೆ ಹೀಗೆ ಮಾಡಿ ಕೊನೆಗೆ ಕೇಬಲ್ಲಿನ ನಟ್ಟಿಗೆ ಬಂದಳು. ಆರು. ಸರಿಯಾಗಿ ಆರು, ಸಣ್ಣ ಕುಂಡದ ನೀರಿನ ಲೆಕ್ಕ. ಭಾನುವಾರ ಹಿಂದೆ ಮಣ್ಣಿನ ಕುಂಡಗಳನ್ನು ತುಂಬಿಸಿಕೊಂಡು ಓಡಿಸಿ, ಎಷ್ಟೋ ಸಲ ಬ್ರೇಕ್ ಒತ್ತಿ ಬಂದು ಓಣಿಯಲ್ಲಿ ನಿಲ್ಲಿಸಿದಳು. ಮತ್ತೆ ಆರೇ. ಟೇಪು ಜೇಬಿನಲ್ಲಿಟ್ಟುಕೊಂಡು ಬಂದ ಮೈದುನ ದೊಡ್ಡಮ್ಮನನ್ನು ಹಿಂದಿನಿಂದ ದೂಡಿ ನೋಡಿದ, ಮುಂದಿನಿಂದ ದೂಡಿ ನೋಡಿದ. ಬೆವರಿದ್ದಷ್ಟೇ ಲಾಭ. "ಅತ್ತಿಗೆ, ನಿಮ್ಮ ಕೈಲಿ ಭಾರೀ ಬಲ ಕಣ್ರೀ" ಎಂದು ಟೀ ಕುಡಿದು ಹೋದ.

ಸೋಮವಾರ ಪರೀಕ್ಷೆಯ ಸಾಹೇಬರು ಪಕ್ಕದ ಸೀಟಿನಲ್ಲಿ ಕೂತು, ಪೆನ್ನಿನ ಮುಚ್ಚಳ ತೆಗೆದು, "ಮೊದಲು ಬಲಕ್ಕೆ ತಗೊಳ್ಳಿ" ಎಂದರು. ಗಿಡದಕ್ಕನಿಗೆ ನಗು ಒತ್ತರಿಸಿ ಬಂತು. ತುಟಿ ಕಚ್ಚಿಕೊಂಡಳು. "ಯಾಕಮ್ಮ, ಹುಷಾರಿಲ್ವಾ?" ಎಂದು ಅವರು ಕೇಳಿದರು. "ಇಲ್ಲ ಸಾರ್, ಬಲದ್ದು ಯಾವುದು ಅಂತ ನೆನಪು ಮಾಡ್ಕೊಂಡೆ" ಎಂದಳು. ಅವರು ಹುಬ್ಬು ಗಂಟಿಕ್ಕಿ ಏನೋ ಬರೆದುಕೊಂಡರು.

ಸಿಮೆಂಟಿನ ಏರು ಬಂತು. ಬಿಳಿ ಗೆರೆ ಬಂತು. ಈಗ ಮಾತ್ರ ಅವಳು ಸೀಟಿನಲ್ಲಿ ನೆಟ್ಟಗೆ ಕೂತಳು. ಎಷ್ಟೇ ಸರಿಮಾಡಿದ್ದರೂ ಎರಡು ಸಲ ಜಾರಿದ ಜಾಗವಲ್ಲವೇ. ಎಡಗೈ ಲಿವರಿನ ಮೇಲಿಟ್ಟು ಎಳೆದಳು. ಒಂದು, ಎರಡು, ಮೂರು, ನಾಲ್ಕು, ಐದು, ಆರು. ನ್ಯೂಟ್ರಲ್. ಎರಡೂ ಕಾಲನ್ನು ಎತ್ತಿ ಸೀಟಿನ ಕಡೆಗೆ ಎಳೆದುಕೊಂಡಳು. ಮೂರು ದಾಟಿತು. ಐದು ದಾಟಿತು. ಮೈದಾನದ ಬೇಲಿಯ ಆಚೆ ಗಂಡ ಬೇಲಿಯ ಕಂಬವನ್ನು ಹಿಡಿದು ನಿಂತಿದ್ದ, ಕಂಬ ಜಾರೀತೆಂಬ ಹಾಗೆ. ಹತ್ತಾಯಿತು. ಸಾಹೇಬರು ಕಿಟಕಿಯಿಂದ ಬಗ್ಗಿ ಚಕ್ರ ನೋಡಿದರು, ಗೆರೆ ನೋಡಿದರು, ಕನ್ನಡಕದ ಮೇಲಿಂದ ಅವಳನ್ನು ನೋಡಿದರು.

"ಈ ಸಲ ಬಲವಾಗಿ ಎಳೆದಿರಿ ನೋಡಿ" ಎಂದರು.

ವಾದ ಮಾಡಲು ಗ್ರೀಸಿನಿಂದ ಹಿಡಿದು ಅಕ್ಷರದವರೆಗೆ ಎಲ್ಲವೂ ಅವಳ ನಾಲಗೆಯ ತುದಿಯಲ್ಲಿತ್ತು. ಆದರೆ ಸಾಹೇಬರ ಪೆನ್ನು ಪಾಸು ಎಂಬ ಕಡೆ ಇಳಿಯುತ್ತಿತ್ತು. ಬಾಯಿ ಮುಚ್ಚಿಕೊಂಡಳು. ಅವಳ ಬದುಕಿನಲ್ಲಿ ಅಂಥದ್ದು ಅಪರೂಪ.

ಲೈಸೆನ್ಸು ಕೈಗೆ ಬಂದ ದಿನ ಮೊದಲ ಸವಾರಿ ಎಲ್ಲಿಗೆಂದು ಯಾರೂ ಕೇಳಲಿಲ್ಲ. ಗಿಡದಕ್ಕ ಸ್ಟೇರಿಂಗ್ ಹಿಡಿದಳು, ಗಂಡ ಸೂಕ್ಷ್ಮದ ಗಿಡಗಳ ಸೀಟಿನಲ್ಲಿ ಕೂತ. ಗುಡ್ಡದ ದಾರಿ ಕಡಿದಾಗಿತ್ತು, ದೊಡ್ಡಮ್ಮ ದಾರಿಯುದ್ದಕ್ಕೂ ಗೊಣಗಿತು. ಶಾಲೆಯ ಮುಂದಿನ ಏರಿನಲ್ಲಿ ಅವಳು ಗಾಡಿ ನಿಲ್ಲಿಸಿ, ಆರು ಎಣಿಸಿ, ಗೇರು ಹಾಕಿ ಇಳಿದಳು. ಗಂಡ ಅಭ್ಯಾಸಬಲದಿಂದ ಸೀಟಿನ ಕೆಳಗೆ ಕೈಹಾಕಿ ಕಲ್ಲು ತೆಗೆದುಕೊಂಡು ಹಿಂದಿನ ಚಕ್ರದ ಹತ್ತಿರ ಹೋದವನು, ಅಲ್ಲಿ ನಿಂತು ಚಕ್ರವನ್ನು ನೋಡಿದ. ಅದು ಕದಲಿರಲಿಲ್ಲ. ಕಲ್ಲನ್ನು ಏನು ಮಾಡುವುದೆಂದು ತೋಚದೆ ಕೈಯಲ್ಲೇ ಹಿಡಿದುಕೊಂಡು ಹೆಂಡತಿಯನ್ನು ಹುಡುಕಿದ.

ಅವಳು ಆಗಲೇ ಗೇಟಿನ ಪಕ್ಕದಲ್ಲಿದ್ದಳು. ಅಲ್ಲಿ ಶಾಲೆಯ ಮಾಡಿಗಿಂತ ಎತ್ತರಕ್ಕೆ ಬೆಳೆದ ಒಂದು ನೇರಳೆ ಮರ. ನೆಲವೆಲ್ಲ ಹಣ್ಣು ಬಿದ್ದು ನೇರಳೆಯಾಗಿತ್ತು. ಗೋಡೆಗೂ ಅದೇ ಬಣ್ಣ ಹತ್ತಿತ್ತು. ಗಿಡದಕ್ಕ ಬಗ್ಗಿ ಮರದ ಬುಡಕ್ಕೆ ಕೈಯಿಟ್ಟು ಮೇಲಕ್ಕೆ ಸವರುತ್ತ ಬಂದಳು. ಮೊಣಕಾಲೆತ್ತರದಲ್ಲಿ ಕೈ ನಿಂತಿತು. ಕಾಂಡ ಅವಳ ತೊಡೆಯಷ್ಟು ದಪ್ಪವಾಗಿದ್ದರೂ ಆ ಸೊಟ್ಟ ಹಾಗೇ ಇತ್ತು. ಅವಳ ಕಣ್ಣು ತುಂಬಿ ಬಂದಿತ್ತು. ಗಂಡ ಕಲ್ಲು ಹಿಡಿದುಕೊಂಡೇ ಬಂದು ಅವಳ ಪಕ್ಕದಲ್ಲಿ ನಿಂತ.

ಅವಳು ತಲೆಯೆತ್ತಿ ಎಲೆಗಳ ನಡುವಿನಿಂದ ಮೇಲೆ ನೋಡಿದಳು.

"ನೋಡಿದ್ರಾ," ಎಂದಳು, "ಬಿಸಿಲು ಚೆನ್ನಾಗಿ ಬೀಳುತ್ತೆ ರೀ ಇಲ್ಲಿ."